ಹಿಂದೆ ಬರುವವರಿಗೆ ರಸ್ತೆ ಕಾಣುವುದಿಲ್ಲ

ಪ್ರಶ್ನೆ: ಕಳೆದ ಭಾನುವಾರ ನಸುಕಿನಲ್ಲಿ ಸೈಕಲ್ ಏರಿ ನಂದಿಬೆಟ್ಟಕ್ಕೆ ಹೊರಟಿದ್ದೆ. ದೇವನಹಳ್ಳಿ ದಾಟಿದ ಮೇಲೆ ಅಪರಿಚಿತ ಸವಾರರೊಬ್ಬರು ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಏಳೆಂಟು ಕಿ.ಮೀ. ದೂರ ಮಾತಿಲ್ಲದೆ ಬಂದರು. ಸಿಟ್ಟಿನಲ್ಲಿ ನಾನೂ ರಸ್ತೆಯ ಗುಂಡಿಗಳನ್ನು ಅವರಿಗೆ ತೋರಿಸಲಿಲ್ಲ. ಮುಂದೆ ನನ್ನ ಟೈರು ಪಂಕ್ಚರ್ ಆದಾಗ ಅವರು ತಿರುಗಿಯೂ ನೋಡದೆ ಹೋಗಿಬಿಟ್ಟರು. ತಪ್ಪು ಯಾರದು?
– ಓದುಗರೊಬ್ಬರು, ಯಲಹಂಕ

ಉತ್ತರ: ಇಬ್ಬರದೂ ಹೌದು. ಆದರೆ ಹೆಚ್ಚು ಅಪಾಯಕಾರಿಯಾದದ್ದು ನಿಮ್ಮದೇ ಎನ್ನದೆ ವಿಧಿಯಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವವರ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುವುದರಿಂದ, ಅವರ ಮರೆಯಲ್ಲಿ ಬರುವವರಿಗೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿತಾಯವಾಗುತ್ತದೆ. ಸವಾರರು ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಇದರಿಂದ ನಿಮ್ಮ ಗಂಟೇನೂ ಹೋಗುವುದಿಲ್ಲ. ಆದರೂ ಅಪರಿಚಿತರ ಬೆನ್ನು ಹಿಡಿಯುವ ಮೊದಲು ‘ನಿಮ್ಮ ಹಿಂದೆ ಬರಲೇ?’ ಎಂದು ಕೇಳುವುದು, ಸ್ವಲ್ಪ ದೂರದ ನಂತರ ತಾವೂ ಮುಂದೆ ಬಂದು ಗಾಳಿಗೆ ಎದೆಯೊಡ್ಡುವುದು ರೂಢಿ. ಹಿಂದೆ ಯಾರಿದ್ದಾರೆಂದು ತಿಳಿಯದೆ ಮುಂದಿನವರು ಥಟ್ಟನೆ ಬ್ರೇಕ್ ಹಿಡಿದರೆ, ಚಕ್ರಕ್ಕೆ ಚಕ್ರ ತಾಗಿ ನೆಲಕ್ಕುರುಳುವವರು ಸಾಮಾನ್ಯವಾಗಿ ಹಿಂದಿನವರೇ. ಹಾಗಾಗಿ ಕೇಳಿ ಬರುವುದರಲ್ಲಿ ಅವರ ಸ್ವಾರ್ಥವೂ ಇತ್ತು.

ಇನ್ನು ನಿಮ್ಮ ವಿಷಯ. ಅಷ್ಟು ಹತ್ತಿರದಲ್ಲಿ ಬರುವವರಿಗೆ ನಿಮ್ಮ ಬೆನ್ನು, ನಿಮ್ಮ ಟೈರು ಕಾಣುತ್ತವೆಯೇ ಹೊರತು ಮುಂದಿನ ರಸ್ತೆ ಕಾಣುವುದಿಲ್ಲ. ಗುಂಡಿಯಿರುವ ಬದಿಯ ಕೈಯನ್ನು ಕೆಳಗೆ ಚಾಚಿ ಬೆರಳು ತೋರಿಸುವುದು, ಮರಳು ಚೆಲ್ಲಿದ್ದರೆ ಅಂಗೈಯನ್ನು ನೆಲದತ್ತ ಆಡಿಸುವುದು, ಎಡಬದಿಯಲ್ಲಿ ಲಾರಿ ನಿಂತಿದ್ದರೆ ಎಡಗೈಯನ್ನು ಬೆನ್ನ ಹಿಂದೆ ತಂದು ಬಲಕ್ಕೆ ಸರಿಯುವಂತೆ ಸೂಚಿಸುವುದು, ಇವೆಲ್ಲ ಮುಂದಿರುವವರ ಕೆಲಸ. ಹಿಂದಿನವರು ಕೇಳಿ ಬಂದಿರಲಿ, ಕೇಳದೆ ಬಂದಿರಲಿ. ನಮ್ಮ ಹಳ್ಳಿ ರಸ್ತೆಗಳಲ್ಲಿ ಬಣ್ಣ ಬಳಿಯದ ಹಂಪ್‌ಗಳು ಸಾಲದೆಂಬಂತೆ, ಒಕ್ಕಣೆಯ ಕಾಲದಲ್ಲಿ ವಾಹನಗಳು ತುಳಿಯಲೆಂದು ಹುರುಳಿಯನ್ನೂ ಹರಡಿರುತ್ತಾರೆ. ಅದರ ಬಳ್ಳಿ ಹಿಂದಿನ ಗೇರ್‌ಗೆ ಸುತ್ತಿಕೊಂಡರೆ ಕೂತು ಒಂದೊಂದೇ ಎಳೆ ಕಿತ್ತು ತೆಗೆಯಬೇಕು. ಹ್ಯಾಂಡಲ್‌ನಿಂದ ಕೈ ತೆಗೆಯಲಾಗದಷ್ಟು ರಸ್ತೆ ಕೆಟ್ಟಿದ್ದರೆ ‘ಗುಂಡಿ!’ ಎಂದು ಕೂಗಿದರೂ ಸಾಕು. (ಉಗುಳುವ ಮುನ್ನ ಹಿಂದೆ ನೋಡಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲವಾದರೂ, ನನ್ನ ಅಂಗಿಯ ಅನುಭವದಿಂದ ಹೇಳುತ್ತಿದ್ದೇನೆ.)

ಪಂಕ್ಚರ್ ಆಗಿ ನಿಂತವರನ್ನು ಕಂಡರೆ ವೇಗ ತಗ್ಗಿಸಿ ‘ಟ್ಯೂಬು, ಪಂಪು ಇದೆಯೇ?’ ಎಂದು ವಿಚಾರಿಸಬೇಕು. ‘ಇದೆ’ ಎಂದರೆ ಧಾರಾಳವಾಗಿ ಹೋಗಬಹುದು. 2022ರ ಪ್ರಸಿದ್ಧ ಸೈಕಲ್ ಪಂದ್ಯ ಟೂರ್ ಡಿ ಫ್ರಾನ್ಸ್‌ನ 18ನೇ ಹಂತದಲ್ಲಿ, ಇಳಿಜಾರಿನಲ್ಲಿ ಜಾರಿಬಿದ್ದ ಎದುರಾಳಿ ಪೊಗಾಚಾರ್‌ಗಾಗಿ ಒಟ್ಟಾರೆ ಮುನ್ನಡೆಯ ಗುರುತಾದ ಹಳದಿ ಅಂಗಿ ತೊಟ್ಟಿದ್ದ ವಿಂಗೆಗೋರ್ ನಿಧಾನಿಸಿ ಕಾದರು. ಕಾಯಲೇಬೇಕೆಂಬ ನಿಯಮವೇನೂ ಇರಲಿಲ್ಲ. ಬಹುಮಾನಕ್ಕಾಗಿ ಸೆಣಸುವವರೇ ಹಾಗೆ ನಿಲ್ಲುವಾಗ, ಭಾನುವಾರದ ಸವಾರರಿಗೆ ಒಂದು ಮಾತು ಕೇಳುವಷ್ಟು ಬಿಡುವಿರಲಿಲ್ಲ ಎನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಇನ್ನೊಮ್ಮೆ ಯಾರಾದರೂ ಹೀಗೆ ಮೌನವಾಗಿ ಹಿಂಬಾಲಿಸಿದರೆ, ಮೊಣಕೈ ಆಡಿಸಿ ಮುಂದೆ ಬರುವಂತೆ ಸನ್ನೆ ಮಾಡಿ. ಅದು ಅರ್ಥವಾಗದಿದ್ದರೆ ಬಾಯಿಬಿಟ್ಟೇ ಹೇಳಿ. ಅದಕ್ಕೂ ಜಗ್ಗದಿದ್ದರೆ, ಬ್ರೇಕ್ ಮುಟ್ಟದೆ, ನಿಲ್ಲುತ್ತಿರುವುದಾಗಿ ಕೈಯೆತ್ತಿ ತಿಳಿಸಿ, ಎಡಕ್ಕೆ ಸರಿದು ನೀರು ಕುಡಿಯಿರಿ. ಅಷ್ಟರಲ್ಲಿ ಅವರು ಮುಂದೆ ಹೋಗಿರುತ್ತಾರೆ.