ಲೋಟದ ಅಂಚಿನ ತುಟಿಯಚ್ಚು: ಮೂಡಿಸುವುದು ಹೇಗೆ, ನಂಬುವುದು ಎಷ್ಟು?

ಪ್ರಶ್ನೆ: ನಾನು ವಿಧಿವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ಲಿಪ್‌ಸ್ಟಿಕ್ ಹಚ್ಚದ ತುಟಿ ಲೋಟಕ್ಕೆ ತಾಗಿದರೂ ಅಚ್ಚು ಉಳಿಯುತ್ತದೆಯೇ? ಉಳಿದರೆ ಬೆರಳಚ್ಚಿನಂತೆಯೇ ಪುಡಿ ಹಾಕಿ ಅದನ್ನು ಮೂಡಿಸಬಹುದೇ? ಒಬ್ಬ ವ್ಯಕ್ತಿಯನ್ನು ಗುರುತಿಸಲು ಆ ಅಚ್ಚೊಂದೇ ಸಾಕೇ?

ಉತ್ತರ: ಅಚ್ಚು ಉಳಿಯುತ್ತದೆ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿಗಳಿಲ್ಲ. ಆದರೆ ತುಟಿಯಂಚಿನ ಗ್ರಂಥಿಗಳಿಂದ ಬರುವ ಜಿಡ್ಡು ಮತ್ತು ನಾಲಿಗೆ ಆಗಾಗ ಸವರುವ ಜೊಲ್ಲು ಸೇರಿ ತುಟಿಯ ಮೇಲೆ ತೆಳುವಾದ ಪದರವೊಂದು ಇರುತ್ತದೆ. ನುಣುಪಾದ ಗಾಜಿಗೆ ತುಟಿ ಒತ್ತಿದಾಗ ಸೀಳುಗೆರೆಗಳ ನಡುವಿನ ಉಬ್ಬುಗಳಿಂದ ಈ ಪದರ ಗಾಜಿಗೆ ಅಂಟಿಕೊಳ್ಳುತ್ತದೆ, ಗೆರೆಗಳ ಜಾಗ ಖಾಲಿ ಉಳಿಯುತ್ತದೆ. ಬಹಳ ಹೊತ್ತು ಬಣ್ಣ ಬಿಡದ ಲಿಪ್‌ಸ್ಟಿಕ್‌ಗಳು ಕೂಡ ಕಣ್ಣಿಗೆ ಕಾಣದ ಅಚ್ಚನ್ನೇ ಬಿಡುತ್ತವೆ. ಹೀಗಾಗಿ ಬಣ್ಣ ಕಾಣಿಸಲಿಲ್ಲವೆಂದು ಲೋಟವನ್ನು ಬದಿಗಿಡಬಾರದು. ನಮ್ಮಲ್ಲಿ ಎತ್ತಿ ಕುಡಿಯುವ ರೂಢಿಯಿರುವ ಮನೆಗಳಲ್ಲಿ ಲೋಟದ ಅಂಚಿನಲ್ಲಿ ಏನೂ ಸಿಗದಿರಬಹುದು ಎಂಬುದನ್ನೂ ಸ್ಥಳಕ್ಕೆ ಹೋದವರು ನೆನಪಿಟ್ಟುಕೊಳ್ಳಬೇಕು.

ಮೊದಲ ಕೆಲಸ ಪುಡಿಯದ್ದಲ್ಲ, ಬೆಳಕಿನದ್ದು. ಕೋಣೆಯ ದೀಪ ತಗ್ಗಿಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ಲೋಟವನ್ನು ನಿಧಾನವಾಗಿ ತಿರುಗಿಸಿದರೆ ಅಂಚಿನ ಹೊರಮೈಯಲ್ಲಿ ಮಸುಕಾದ ಮಚ್ಚೆಯೊಂದು ಕಾಣುತ್ತದೆ. ಅದು ಸಾಮಾನ್ಯವಾಗಿ ಕೆಳತುಟಿಯದು, ಏಕೆಂದರೆ ಕುಡಿಯುವಾಗ ಹೊರಮೈಗೆ ಒತ್ತಿಕೊಳ್ಳುವುದು ಕೆಳತುಟಿ. ಅಳತೆಪಟ್ಟಿ ಇಟ್ಟು ಅದರ ಫೋಟೊ ತೆಗೆದ ಮೇಲೆಯೇ ಮುಂದಿನ ಹೆಜ್ಜೆ. ಗಾಜಿನ ಮೇಲೆ ಅಲ್ಯೂಮಿನಿಯಂ ಪುಡಿ, ಬಿಳಿ ಪಿಂಗಾಣಿಯ ಮೇಲೆ ಕಪ್ಪು ಪುಡಿ ಚೆನ್ನಾಗಿ ಕಾಣುತ್ತದೆ. ಆಯಸ್ಕಾಂತ ಹಿಡಿಯುವ ಉಕ್ಕಿನ ಪಾತ್ರೆಗೆ ಕಾಂತೀಯ ಪುಡಿ ಸಲ್ಲದು. ಬ್ರಷ್ಷಿನ ತುದಿಯಷ್ಟೇ ತಾಗುವಂತೆ, ಗೆರೆ ಸಾಗುವ ದಿಕ್ಕಿನಲ್ಲೇ ಸವರಬೇಕು; ಗೆರೆಗಳು ಸ್ಪಷ್ಟವಾದ ಕೂಡಲೇ ಕೈ ನಿಲ್ಲಿಸಬೇಕು, ಇನ್ನೊಂದು ಸಲ ಸವರಿದರೆ ಸೀಳುಗಳೊಳಗೆ ಪುಡಿ ತುಂಬಿ ಅಚ್ಚು ಕೆಡುತ್ತದೆ. ಪ್ಲಾಸ್ಟಿಕ್ಕಿನಂಥ ಮೇಲ್ಮೈಗೆ ಸೈನೊಆಕ್ರಿಲೇಟ್ ಅಂಟಿನ ಹಬೆ ಕೊಡುವ ಕ್ರಮವೂ ಇದೆ.

ಕಾಗದ ಮತ್ತು ಬಟ್ಟೆಯ ವಿಷಯ ಬೇರೆ. ಅವು ತೇವವನ್ನು ಹೀರುವುದರಿಂದ ಪುಡಿ ಅಷ್ಟಾಗಿ ನಿಲ್ಲುವುದಿಲ್ಲ. ಲಿಪ್‌ಸ್ಟಿಕ್ಕಿನ ಎಣ್ಣೆ ಮತ್ತು ಮೇಣ ಅಲ್ಲಿದ್ದರೆ ಕೊಬ್ಬಿನಲ್ಲಿ ಕರಗುವ ಸೂಡಾನ್ ಬ್ಲ್ಯಾಕ್, ಸೂಡಾನ್ ತ್ರೀ, ಆಯಿಲ್ ರೆಡ್ ಓ ಎಂಬ ಬಣ್ಣಗಳು ಕೆಲಸಕ್ಕೆ ಬರುತ್ತವೆ. ಹಿನ್ನೆಲೆಯೇ ಬಣ್ಣಬಣ್ಣದ್ದಾಗಿದ್ದರೆ, ವಿಶೇಷ ಬೆಳಕಿನಲ್ಲಿ ಹೊಳೆಯುವ ನೈಲ್ ರೆಡ್ ಇವೆಲ್ಲಕ್ಕಿಂತ ಮೇಲು.

ಇಷ್ಟಾದರೂ ನನ್ನ ಮಟ್ಟಿಗೆ ಅತಿ ಮುಖ್ಯವಾದ ನಿರ್ಧಾರ ಇದಾವುದೂ ಅಲ್ಲ. ಆ ಮಚ್ಚೆಯಲ್ಲಿ ತುಟಿಯ ಜೀವಕೋಶಗಳೂ ಜೊಲ್ಲೂ ಇರುತ್ತವೆ, ಅಂದರೆ ಡಿಎನ್‌ಎ ಇರುತ್ತದೆ. ಓರೆ ಬೆಳಕಿನಲ್ಲಿ ಗೆರೆಗಳೇ ಕಾಣದೆ ಬರೀ ಕಲೆಯಂತಿದ್ದರೆ ಪುಡಿಯ ಗೊಡವೆಗೆ ಹೋಗದೆ ನೇರವಾಗಿ ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿ ತೆಗೆದ ಮಾದರಿ) ತೆಗೆದುಕೊಳ್ಳಬೇಕು. ಗೆರೆಗಳಿದ್ದರೆ ಹೊಸ ಬ್ರಷ್ಷಿನಿಂದ ಅಚ್ಚು ಮೂಡಿಸಿ, ಫೋಟೊ ತೆಗೆದು, ನಂತರ ಅದೇ ಜಾಗದಿಂದ ಸ್ವಾಬ್ ತೆಗೆಯಬಹುದು. ಹತ್ತಾರು ಪ್ರಕರಣಗಳಲ್ಲಿ ಬಳಸಿದ ಬ್ರಷ್ಷು ಒಬ್ಬರ ಡಿಎನ್‌ಎಯನ್ನು ಇನ್ನೊಬ್ಬರ ಲೋಟಕ್ಕೆ ಸಾಗಿಸಬಲ್ಲದು. ಈ ಎಚ್ಚರ ತಪ್ಪಿದರೆ ನಿರಪರಾಧಿಯೊಬ್ಬರು ತೊಂದರೆಗೆ ಸಿಲುಕುವ ಸಾಧ್ಯತೆಯಿದೆ.

ಇನ್ನು ಗುರುತಿಸುವಿಕೆಯ ಮಾತು. ತುಟಿಯ ಗೆರೆಗಳನ್ನು 1902ರಲ್ಲಿ ಮಾನವಶಾಸ್ತ್ರಜ್ಞ ಫಿಷರ್ ವರ್ಣಿಸಿದರು. 1932ರಲ್ಲಿ ಫ್ರಾನ್ಸಿನ ಅಪರಾಧ ವಿಜ್ಞಾನಿ ಎಡ್ಮಂಡ್ ಲೋಕಾರ್ಡ್ ಅವುಗಳನ್ನು ತನಿಖೆಗೆ ಬಳಸಬಹುದೆಂದರು. ಜಪಾನಿನ ಸುಜುಕಿ ಮತ್ತು ತ್ಸುಚಿಹಾಶಿ 1970ರ ಆಸುಪಾಸಿನಲ್ಲಿ ಮಾಡಿದ ವರ್ಗೀಕರಣವನ್ನೇ ನಮ್ಮ ದಂತ ವೈದ್ಯಕೀಯ ಕಾಲೇಜುಗಳ ಸಂಶೋಧಕರೂ ಹೆಚ್ಚಾಗಿ ಅನುಸರಿಸುತ್ತಾರೆ: ತುಟಿಯ ಅಗಲಕ್ಕೂ ಹಾಯುವ ಲಂಬ ಗೆರೆ, ಅರ್ಧಕ್ಕೆ ನಿಲ್ಲುವ ಗೆರೆ, ಕವಲೊಡೆದದ್ದು, ಒಂದನ್ನೊಂದು ಕತ್ತರಿಸುವುದು, ಜಾಲದಂಥದ್ದು, ಇವಾವುದಕ್ಕೂ ಸೇರದ್ದು. ಆದರೆ ಈ ವಿಂಗಡಣೆ ಒಬ್ಬರನ್ನು ಗುಂಪಿಗೆ ಸೇರಿಸುತ್ತದೆ, ಗುರುತಿಸುವುದಿಲ್ಲ. ತುಟಿ ಮೆತ್ತಗಿನ ಅಂಗ. ಒತ್ತಿದ ಬಲ, ಬಾಯಿ ತೆರೆದ ಅಳತೆ, ಹಚ್ಚಿದ ಲಿಪ್‌ಸ್ಟಿಕ್ಕಿನ ದಪ್ಪ ಬದಲಾದಂತೆ ಒಬ್ಬರದೇ ಎರಡು ಅಚ್ಚುಗಳು ಬೇರೆಯಾಗಿ ಕಾಣುತ್ತವೆ.

ಅಮೆರಿಕದ ಇಲಿನಾಯ್‌ನಲ್ಲಿ, ಅಂಟುಪಟ್ಟಿಯ ಮೇಲೆ ಸಿಕ್ಕ ತುಟಿಯಚ್ಚಿನ ಸಾಕ್ಷ್ಯವೂ ಇದ್ದ ಕೊಲೆ ಪ್ರಕರಣವೊಂದರ ಶಿಕ್ಷೆಯನ್ನು 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆ ಸಾಕ್ಷ್ಯದ ವೈಜ್ಞಾನಿಕ ಬುನಾದಿಯ ಬಗ್ಗೆ ತಜ್ಞರಿಂದ ತೀವ್ರ ಆಕ್ಷೇಪಗಳು ಬಂದವು. ಮುಂದೆ ಆ ತೀರ್ಪು ನಿಲ್ಲದೆ ಮರುವಿಚಾರಣೆಗೆ ಆದೇಶವಾಯಿತು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 39ನೇ ಕಲಮು ವಿಜ್ಞಾನ ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಡುತ್ತದೆ, ಆದ್ದರಿಂದ ತುಟಿಯಚ್ಚನ್ನು ನ್ಯಾಯಾಲಯದ ಮುಂದಿಡಲು ಅಡ್ಡಿಯಿಲ್ಲ. ಆದರೆ ಆ ಕಲಮು ಬೆರಳಚ್ಚನ್ನು ಹೆಸರಿಸುತ್ತದೆ, ತುಟಿಯಚ್ಚನ್ನು ಹೆಸರಿಸುವುದಿಲ್ಲ. ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ 2022 ಕೂಡ ಬೆರಳು, ಅಂಗೈ, ಪಾದದ ಅಚ್ಚುಗಳನ್ನು ಹೇಳಿ ತುಟಿಯ ಹೆಸರೆತ್ತುವುದಿಲ್ಲ. ನೀವು ವರದಿ ಬರೆಯುವ ದಿನ ಬಂದಾಗ “ಈ ಅಚ್ಚು ಇಂಥವರದೇ” ಎಂದು ಬರೆಯಬೇಡಿ. ಯಾವ ಯಾವ ಗೆರೆಗಳು ಹೊಂದುತ್ತವೆ, ಯಾವುವು ಹೊಂದುವುದಿಲ್ಲ, ಎಷ್ಟು ಭಾಗ ಮಸುಕಾಗಿದೆ ಎಂಬುದನ್ನು ಬರೆದು, ಸ್ವಾಬ್‌ನ ಫಲಿತಾಂಶವನ್ನು ಅದರ ಪಕ್ಕದಲ್ಲೇ ಇಡಿ.