ಗಂಟಿನಲ್ಲಿ ಕಟ್ಟಿಟ್ಟ ಲೆಕ್ಕ

ಪ್ರಶ್ನೆ: ದಕ್ಷಿಣ ಅಮೆರಿಕದ ಇಂಕಾ ಜನರಿಗೆ ಲಿಪಿಯೇ ಇರಲಿಲ್ಲವಂತೆ. ಅಷ್ಟು ದೊಡ್ಡ ಸಾಮ್ರಾಜ್ಯದ ಲೆಕ್ಕ ಇಡುತ್ತಿದ್ದದ್ದು ಹೇಗೆ?
– ಓದುಗರೊಬ್ಬರು, ಕಾಪು

ಉತ್ತರ: ದಾರದ ಗಂಟುಗಳಲ್ಲಿ. ಅದಕ್ಕೆ ಕೀಪು ಎನ್ನುತ್ತಾರೆ. ನನ್ನ ಅಮ್ಮ ಶಂಕರಪುರದಲ್ಲಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟುತ್ತಿದ್ದರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನೆರೆಮನೆಯವರೊಡನೆ ಮಾತಾಡುತ್ತಿದ್ದರೂ ಬೆರಳು ಲೆಕ್ಕ ತಪ್ಪುತ್ತಿರಲಿಲ್ಲ. ಕೀಪುವಿನ ಬಗ್ಗೆ ಓದುವಾಗಲೆಲ್ಲ ನನಗೆ ಆ ಬೆರಳುಗಳೇ ಕಣ್ಣಮುಂದೆ ಬರುತ್ತವೆ.

ಹತ್ತಿಯದೋ, ಅಲ್ಪಾಕಾ ಎಂಬ ಒಂಟೆ ಜಾತಿಯ ಪ್ರಾಣಿಯ ಉಣ್ಣೆಯದೋ ಒಂದು ಮುಖ್ಯ ಹುರಿ, ಅದರಿಂದ ಇಳಿಬಿಟ್ಟ ಹತ್ತಾರು, ಕೆಲವೊಮ್ಮೆ ನೂರಾರು ದಾರಗಳು. ದಾರದ ಕೆಳಗೆ ಬಿಡಿ, ಅದರ ಮೇಲೆ ಹತ್ತು, ಇನ್ನೂ ಮೇಲೆ ನೂರು. ನಮ್ಮ ದಶಮಾನವೇ! 243 ಎಂದರೆ ಮೇಲೆ ಎರಡು ಗಂಟು, ನಡುವೆ ನಾಲ್ಕು, ಕೆಳಗೆ ಮೂರು ಸುತ್ತಿನ ಒಂದೇ ಉದ್ದ ಗಂಟು. ಸೊನ್ನೆಗೆ ಗಂಟಿಲ್ಲ, ಆ ಜಾಗ ಖಾಲಿ.

ಜನಗಣತಿ, ಉಗ್ರಾಣದ ಮೆಕ್ಕೆಜೋಳ ಎಲ್ಲವೂ ಇದರಲ್ಲೇ. ಇವನ್ನು ಕಟ್ಟಿ ಓದುವವರು ಕೀಪುಕಮಾಯೋಕ್‌ಗಳು. ಈ ಸಂಖ್ಯೆಗಳ ಗುಟ್ಟನ್ನು 1912ರಲ್ಲಿ ಅಮೆರಿಕದ ಗಣಿತ ಇತಿಹಾಸಕಾರ ಲೆಲ್ಯಾಂಡ್ ಲಾಕ್ ಬಿಡಿಸಿದರು. ಸಂಖ್ಯೆಯ ಕ್ರಮಕ್ಕೆ ಹೊಂದದ ಕೀಪುಗಳೂ ಇವೆ. ಅವನ್ನು ಇಂದಿಗೂ ಯಾರೂ ಓದಿಲ್ಲ. ಇಂಥವರನ್ನು ‘ಲಿಪಿ ಇಲ್ಲದವರು’ ಎಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.