ಬೆವರು ಸುರೀತಿದ್ರೂ ಸನ್‌ಸ್ಟ್ರೋಕ್ ಆಗಿರಬಹುದು, ನಮ್ಮ ಮಂಡಕ್ಕಿ ಭಟ್ಟೀಲಿ ಕಲಿತಿದ್ದು

ನೀವು ಕೇಳಿರೋದು, ಬಿಸ್ಲಲ್ಲಿ ಕೆಲ್ಸ ಮಾಡೋರು ತಲೆ ಸುತ್ತಿ ಬಿದ್ರೆ ಬರೀ ಸುಸ್ತಾ ಇಲ್ಲಾ ಸನ್‌ಸ್ಟ್ರೋಕಾ ಅಂತ ಹೆಂಗೆ ಗೊತ್ತಾಗುತ್ತೆ, ಮೊದ್ಲು ಆಸ್ಪತ್ರೆಗೆ ಓಡ್ಬೇಕಾ ನೀರು ಕುಡಿಸ್ಬೇಕಾ, ಜೊತೆಗೆ ಕುರಿ ಕಾಯೋ ನಿಮ್ಮಪ್ಪಾಜಿ ಚಳೀಲೂ ಬಯಲಲ್ಲೇ ಮಲಗ್ತಾರೆ, ಅದಕ್ಕೇನು ಅಂತ. ನಾನು ಡಾಕ್ಟರ್ ಅಲ್ಲ ರೀ. ದಾವಣಗೆರೇಲಿ ನಮ್ಮ ಚಿಕ್ಕಪ್ಪಂದು ಮಂಡಕ್ಕಿ ಭಟ್ಟಿ ಐತೆ, ಅಲ್ಲಿ ಒಂದ್ಸಲ ಎಡವಟ್ಟಾದ್ಮೇಲೆ ಫಸ್ಟ್ ಏಡ್ ಟ್ರೇನಿಂಗ್ ಹೋಗಿ ಕಲ್ತಿದ್ದು ಹೇಳ್ತೀನಿ.

ಏಪ್ರಿಲ್ ತಿಂಗ್ಳು. ಹೊರಗೇ ಮೈ ಸುಡೋ ಬಿಸ್ಲು, ಒಳಗೆ ಕಾದ ಮರಳಿನ ಬಾಣಲಿ ಮುಂದೆ ನಿಂತು ಹುರೀತಾನೇ ಇರ್ಬೇಕು, ಮೇಲೆ ತಗಡಿನ ಶೀಟು. ನಮ್ಮ ಹುಡ್ಗ ಒಬ್ಬ ತಂಗಿ ಮದ್ವೆಗೆ ಅಂತ ಇಪ್ಪತ್ತು ದಿನ ರಜಾ ಹಾಕಿ ವಾಪಸ್ ಬಂದು ಎರಡ್ನೇ ದಿನ. ಮಧ್ಯಾಹ್ನ ನೋಡಿದ್ರೆ ಮಂಡಕ್ಕೀನ ಜರಡಿಗೆ ಹಾಕೋದು ಬಿಟ್ಟು ನೆಲಕ್ಕೆ ಸುರೀತಾವ್ನೆ, ಚಿಕ್ಕಪ್ಪ ಬೈಯ್ಯೋಕ್ ಹೋದ್ರೆ ಅವ್ರನ್ನೇ "ಯಾರಣ್ಣಾ ನೀನು" ಅಂದ. ಎಲ್ರೂ ನಕ್ರು, ಹಗ್ಲೇ ಏರಿಸ್ಕಂಡವ್ನೆ ಅಂತ, ಒಬ್ಬ ಹೋಗಿ ಬಾಯಿ ಮೂಸಿ ಬೇರೆ ನೋಡಿದ. ಆಮೇಲೆ ದೊಪ್ ಅಂತ ಬಿದ್ದ. ಒಬ್ರು ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದ್ರು, ಇನ್ನೊಬ್ರು ಕೈಗೆ ಕೀ ಗೊಂಚಲು ತುರುಕಿದ್ರು, ಮತ್ತೊಬ್ಬ ಮಹಾನುಭಾವ "ಬೆವರು ಹಿಂಗೆ ಸುರೀತೈತಲ್ಲ, ಸನ್‌ಸ್ಟ್ರೋಕ್ ಆದ್ರೆ ಮೈ ಒಣಗಿರುತ್ತೆ ಬಿಡ್ರಿ" ಅಂದ. ಆ ಒಂದು ಮಾತಿಂದ ಕಾಲು ಗಂಟೆ ಹೋಯ್ತು.

ಮೈ ಒಣಗಿರೋದು ಮನೇಲೇ ಇರೋ ವಯಸ್ಸಾದೋರಲ್ಲಿ ಜಾಸ್ತಿ. ಮೈ ಬಗ್ಗಿಸಿ ದುಡಿಯೋರಿಗೆ ಬೆವರು ಬರ್ತಿರೋವಾಗ್ಲೇ ಹೊಡೀಬಹುದು. ಹಂಗಾಗಿ ಬೆವರು ನೋಡ್ಬೇಡಿ, ಬುದ್ಧಿ ನೋಡ್ರಿ. ತಲೆನೋವು, ವಾಂತಿ ಬಂದಂಗೆ, ಕಾಲು ಸೆಟೆದುಕೊಳ್ಳೋದು ಇದ್ದು ಮಾತು ಮಾತ್ರ ಸರಿಯಾಗಿದ್ರೆ ಅದು ಬಿಸಿಲಿನ ಸುಸ್ತು, ನೆರಳಲ್ಲಿ ಮಲಗ್ಸಿ ಕಾಲು ಸ್ವಲ್ಪ ಎತ್ತರಕ್ಕಿಟ್ಟು ಓಆರ್‌ಎಸ್ ಕುಡಿಸಿದ್ರೆ ಅರ್ಧ ಗಂಟೇಲಿ ಸುಧಾರಿಸ್ತಾರೆ, ಸುಧಾರಿಸ್ಲಿಲ್ಲ ಅಂದ್ರೆ ಆಸ್ಪತ್ರೆ. ಪ್ಯಾಕೆಟ್ ಇಲ್ದಿದ್ರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಆದ್ರೆ ಮೈ ಕೆಂಡದಂಗಿದ್ದು ಒದರಾಡ್ತಿದ್ರೆ, ನಾಲಿಗೆ ತೊದಲ್ತಿದ್ರೆ, ತೂರಾಡ್ತಿದ್ರೆ, ಫಿಟ್ಸ್ ಬಂದ್ರೆ, ಪ್ರಜ್ಞೆ ತಪ್ಪಿದ್ರೆ ಸನ್‌ಸ್ಟ್ರೋಕ್ ಅಂತಾನೇ ತಿಳ್ಕೊಳ್ರಿ. ಆಗ ಒಳಗಿನ ಟೆಂಪರೇಚರ್ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ, ಒಂದೊಂದು ನಿಮಿಷಕ್ಕೂ ಮಿದುಳು, ಕಿಡ್ನಿ, ಲಿವರ್ ಬೇಯ್ತಿರುತ್ತೆ.

ಒಬ್ರು 108ಕ್ಕೆ ಫೋನ್ ಮಾಡ್ಲಿ, ಉಳಿದೋರು ಆಂಬುಲೆನ್ಸ್ ಬರೋವರ್ಗೂ ಕಾಯದೇ ತಣ್ಣಗೆ ಮಾಡೋಕೆ ಶುರು ಮಾಡಿ. ನಮ್ಮಲ್ಲಿ ಕೊನೆಗೆ ಜರಡಿ ಹಿಡಿಯೋ ಅಜ್ಜಿ ಒಬ್ರು "ಮೈ ಮುಟ್ಟಿ ನೋಡ್ರೋ, ಬಾಣಲಿ ಆಗೈತೆ" ಅಂತ ಬೈದು ಡ್ರಮ್ಮಿಂದ ಬಕೆಟ್ ಎತ್ತಿ ತಲೆಯಿಂದ ಕಾಲವರ್ಗೂ ಸುರಿದೇ ಬಿಟ್ರು, ಅಂಗಿ ಬಿಚ್ಚಿಸಿದ್ರು, ಇಬ್ರು ಮೊರ ತಗಂಡು ಎರಡೂ ಕಡೆ ಬೀಸಿದ್ರು, ನೀರು ಆರಿದಂಗೆ ಮತ್ತೆ ಸುರಿಯೋದು ಮತ್ತೆ ಬೀಸೋದು. ಆ ಅಜ್ಜಿ ಯಾವ ಟ್ರೇನಿಂಗೂ ಹೋದೋರಲ್ಲ, ಆದ್ರೆ ಮಾಡಿದ್ದು ನೂರಕ್ಕೆ ನೂರು ಸರಿ. ಮುಖಕ್ಕೆ ನಾಲ್ಕು ಹನಿ ಚಿಮುಕಿಸಿದ್ರೆ ಏನೂ ಪ್ರಯೋಜನ ಇಲ್ಲ, ಒದ್ದೆ ಬಟ್ಟೆ ಹೊದಿಸಿ ಸುಮ್ನೆ ಬಿಟ್ರೂ ಅದೇ ಬಿಸಿಯಾಗುತ್ತೆ. ನೀರು ಆರೋವಾಗ ಮೈ ಶಾಖ ಎಳ್ಕೊಂಡ್ ಹೋಗುತ್ತೆ, ನಮ್ಮ ಕಡೆ ಗಾಳಿ ಒಣ ಇರೋದ್ರಿಂದ ಇದು ಮಂಗಳೂರು ಕಡೆಗಿಂತ ಚೆನ್ನಾಗಿ ಕೆಲ್ಸ ಮಾಡುತ್ತೆ. ಐಸ್ ಸಿಕ್ರೆ ಬಟ್ಟೇಲಿ ಸುತ್ತಿ ಕತ್ತು, ಕಂಕುಳು, ತೊಡೆ ಸಂದಿಗೆ ಇಡಿ.

ಪ್ರಜ್ಞೆ ಸರಿಯಿಲ್ದೋರ ಬಾಯಿಗೆ ನೀರು, ಎಳನೀರು, ಮಜ್ಜಿಗೆ ಏನೂ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ, ಒಂದು ಮಗ್ಗುಲಿಗೆ ಹೊರಳಿಸಿ ಮಲಗ್ಸಿ. ಪ್ಯಾರಾಸಿಟಮಾಲ್ ಕೂಡ ಬೇಡ, ಇದು ಜ್ವರ ಅಲ್ಲ, ಮಾತ್ರೆ ಕೇಳಲ್ಲ, ಲಿವರ್‌ಗೆ ಇನ್ನೂ ಕಷ್ಟ.

ಹುಡ್ಗ ಉಳ್ಕೊಂಡ. ಆ ಮಧ್ಯಾಹ್ನ ಅವ್ನಿಗೆ ನೆನಪೇ ಇಲ್ಲ, ಮಂಡಕ್ಕಿ ಚೆಲ್ಲಿದ್ದು ನಾನಲ್ಲ ಅಂತ ಈಗ್ಲೂ ವಾದ ಮಾಡ್ತಾನೆ. ಶಾಖಕ್ಕೆ ಒಗ್ಗಿದ ಮೈ ರಜಾದಲ್ಲಿ ಅದನ್ನ ಮರ್ತುಬಿಡುತ್ತಂತೆ, ಅದಕ್ಕೇ ಈಗ ಊರಿಂದ ಬಂದೋರ್ಗೆ ಮೊದ್ಲ ವಾರ ಬೆಳಗಿನ ಹೊತ್ತು ಮಾತ್ರ ಕೆಲ್ಸ.

ಇನ್ನು ಚಳಿ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿ ನೋಡಿರೋರಿಗೆ ಗೊತ್ತು, ಮಂಜೇ ಬೀಳ್ಬೇಕು ಅಂತಿಲ್ಲ, ಮಳೇಲಿ ನೆಂದು ಗಾಳಿಗೆ ಮಲಗಿದ್ರೂ ಸಾಕು, ಮೈಯೊಳಗಿನ ಶಾಖ ಅಪಾಯ ಆಗೋಷ್ಟು ಇಳೀಬಹುದು. ನಡುಗ್ತಿದ್ದೋರು ಮೈ ಬೆಚ್ಚಗಾಗ್ದೇನೇ ನಡುಗೋದು ನಿಲ್ಸಿ ಮಂಕಾದ್ರೆ ಅದು ವಾಸಿಯಾಗಿದ್ದಲ್ಲ, ಕೆಟ್ಟ ಸೂಚನೆ, ಆಗ್ಲೂ 108. ಒದ್ದೆ ಬಟ್ಟೆ ತೆಗ್ದು ಕಂಬಳಿ ಸುತ್ತಿ, ಕೆಳಗೂ ಒಂದು ಹಾಸಿ, ಎದೆ ಹೊಟ್ಟೆ ಮೊದ್ಲು ಬೆಚ್ಚಗಾಗ್ಲಿ. ಕೈಕಾಲು ಗಸಗಸ ಉಜ್ಜಬೇಡಿ, ಬೆಂಕಿ ಹತ್ರ ಎಳೀಬೇಡಿ. ಚಳಿಗೆ ಒಂದು ಕ್ವಾರ್ಟರ್ ಅನ್ನೋ ಗೆಳೆಯರಿದ್ರೆ ಅಪ್ಪಾಜೀನ ಅವ್ರಿಂದ ದೂರ ಇಡಿ, ಅದು ಬೆಚ್ಚಗೆ ಅನ್ಸುತ್ತೆ ಅಷ್ಟೇ, ಒಳಗಿನ ಶಾಖನೆಲ್ಲ ಚರ್ಮಕ್ಕೆ ತಂದು ಹೊರಗೆ ಚೆಲ್ಲುತ್ತೆ.